ಬಳೆ ಹಾಕಿಕೊಂಡ ಫೋಟೋ

ಪ್ರೀತಿಯ ಮಾವ,

ಆ ಬಿಳಿ ಕಾರಿಗೆ ಒರಗಿ, ಕೈಯಲ್ಲಿ ಕೀ ಹಿಡಿದು ನೀವು ನಿಂತ ಫೋಟೋ ಇನ್ನೂ ನಮ್ಮ ಚಾವಡಿಯ ಗೋಡೆಯಲ್ಲೇ ಇದೆ. ಅದರ ಪಕ್ಕದಲ್ಲಿ ಈಗ ಅಕ್ಕನ ಫೋಟೋ. ನಿಮ್ಮ ಪ್ರತಿಮಾ ಜರ್ಮನಿಗೆ ಹೋದಳು ಮಾವ, ನರ್ಸ್ ಕೆಲಸಕ್ಕೆ. ನೀವಿದ್ದಿದ್ದರೆ ಕಳಿಸುತ್ತಿದ್ದಿರಾ? ಬಹರೈನಿನಲ್ಲಿ ಅಷ್ಟು ವರ್ಷ ಇದ್ದು ಬಂದ ನೀವು…

ಮೂಡುಬಿದಿರೆಯ ಏಜೆಂಟನ ಆಫೀಸಿಗೆ ಅವಳ ಜೊತೆ ನಾನೂ ಹೋಗಿದ್ದೆ. ಮಂಗಳೂರಿನ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ಡಾಕ್ಟರಿಗೂ ಎದುರು ಮಾತಾಡಿದವಳು, ಅವನ ಮುಂದೆ ಶಾಲೆಯ ಹುಡುಗಿಯ ಹಾಗೆ ಕೂತಿದ್ದಳು. ತಾನು ಕಳಿಸಿದವರು ಎಂದು ಅವನು ಗೋಡೆ ತುಂಬ ಅಂಟಿಸಿದ್ದ ಫೋಟೋಗಳನ್ನು ತೋರಿಸಿದ. ಎಲ್ಲರೂ ನಗುತ್ತಿದ್ದರು. ಅಷ್ಟು ಜನ ಒಟ್ಟಿಗೆ ನಗುವುದು ನನಗೆ ಸರಿ ಕಾಣಲಿಲ್ಲ.

"ಇದ್ರಲ್ಲಿ ನಿಮಗೆ ಬೈಯುವವರು ಯಾರಾದ್ರೂ ಇದ್ರೆ ಅವರ ನಂಬರ್ ಕೊಡಿ," ಎಂದೆ.

"ನೀವು ಎಷ್ಟು ಓದಿದ್ದೀರಿ?"

"ಒಂಬತ್ತನೇ ಕ್ಲಾಸ್. ಅದೂ ಪೂರ್ತಿ ಇಲ್ಲ."

ಮೆಟ್ಟಿಲಿಳಿಯುವಾಗ ಅಕ್ಕ ನನ್ನ ಕೈ ಚಿವುಟಿದಳು. ನೀನು ಗೇರುಬೀಜದ ಫ್ಯಾಕ್ಟರಿ ಬಿಟ್ಟೆ, ಬಿ.ಸಿ.ರೋಡಿನ ಮೊಬೈಲ್ ಅಂಗಡಿ ಬಿಟ್ಟೆ, ಈಗ ಪೆಟ್ರೋಲ್ ಪಂಪು; ಎಲ್ಲೂ ನಿಲ್ಲದ ನೀನು ನನ್ನನ್ನೂ ನಿಲ್ಲಿಸಬೇಡ ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಆದರೆ ನಾನು ಕೇಳಿದ್ದು ತಪ್ಪಾ?

ನನಗೆ ಈ ಸಂಶಯದ ರೋಗ ಅಂಟಿಸಿದ್ದು ನೀವೇ. ನೀವು ಹಾಸಿಗೆ ಹಿಡಿದಿದ್ದ ಮಳೆಗಾಲದಲ್ಲಿ ನಾನು ಸ್ಕೂಟರ್ ಕಲಿಯುತ್ತಿದ್ದೆ. ನಿಮ್ಮ ಕಾರು ಓಡಿಸಲು ಕಷ್ಟವಿತ್ತಾ ಎಂದು ಕೇಳಿದೆ. ಕಾರು ಹೋಟೆಲಿನ ಧಣಿ, ಆ ಮುದಲಾಳಿಯದ್ದು, ತೊಳೆಯಲು ಕೊಟ್ಟಿದ್ದ, ತೊಳೆದ ಮೇಲೆ ಒಂದು ಫೋಟೋ ತೆಗೆಸಿಕೊಂಡೆ ಎಂದಿರಿ. ಊರಿಗೆಲ್ಲ ನೀವು ಮ್ಯಾನೇಜರ್ ಆಗಿದ್ದಿರಿ. "ನಿನ್ನ ಅಮ್ಮನಿಗೆ ಹೇಳ್ಬೇಡ ಮಗಾ," ಎಂದಿರಿ. ಅಮ್ಮ ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ, ಅದು ನಿಮಗೂ ಗೊತ್ತಿತ್ತು.

ಅಕ್ಕನ ಫೋಟೋ ಬಂದ ದಿನ ಪೆಟ್ರೋಲ್ ಹಾಕುವುದು ಬಿಟ್ಟು ಅದನ್ನೇ ನೋಡುತ್ತ ನಿಂತು ಬೈಸಿಕೊಂಡೆ. ಬಿಳಿ ಅಂಗಿ, ಕೊರಳಿಗೆ ಸ್ಟೆತಸ್ಕೋಪು, ನಗು. ಕೈಯಲ್ಲಿ ಬಳೆ! ಮಂಗಳೂರಿನ ಡ್ಯೂಟಿಗೆ ಬಸ್ಸು ಹಿಡಿಯುವ ಮೊದಲು ಅವಳು ಬಳೆಗಳನ್ನು ತೆಗೆದು ಸ್ಟೀಲ್ ಡಬ್ಬಕ್ಕೆ ಹಾಕುತ್ತಿದ್ದದ್ದು ನೆನಪಿದೆಯಾ? ರೋಗಿಯನ್ನು ಮುಟ್ಟುವ ಕೈಯಲ್ಲಿ ಏನೂ ಇರಬಾರದು ಎನ್ನುತ್ತಿದ್ದಳು. ಹಾಗಿದ್ದವಳು ಬಳೆ ಹಾಕಿಕೊಂಡೇ ನಿಂತಿದ್ದಾಳೆ ಎಂದರೆ ಈ ಫೋಟೋ ಡ್ಯೂಟಿಯದ್ದಲ್ಲ. ಹಾಗಾದರೆ ಆ ಅಂಗಿ ಯಾರದ್ದು? ಅವಳನ್ನು ಅಲ್ಲಿ ಎಂತದಕ್ಕೆ ಇಟ್ಟುಕೊಂಡಿದ್ದಾರೆ?

ಸುತ್ತಿ ಬಳಸಿ ಕೇಳಲು ನನಗೆ ಬರುವುದಿಲ್ಲ, ನೇರ ಕೇಳಿದೆ. ಮೊದಲು ಬೈದಳು. ಆಮೇಲೆ ಬಾಯಿಬಿಟ್ಟಳು. ಅಂಗಿ ಕೋಣೆಯಲ್ಲಿ ಜೊತೆಗಿರುವ ಕೇರಳದ ನರ್ಸಿನದ್ದಂತೆ. ನಮ್ಮೂರಿನ ಓದನ್ನು ಅಲ್ಲಿಯವರು ಒಪ್ಪಲು ಇನ್ನೊಂದು ಪರೀಕ್ಷೆ ಪಾಸಾಗಬೇಕು; ಅಲ್ಲಿಯವರೆಗೆ ಅವಳು ಬರೀ ಸಹಾಯಕಿ. ಅಜ್ಜ ಅಜ್ಜಿಯರಿಗೆ ಸ್ನಾನ ಮಾಡಿಸುವುದು, ಉಣಿಸುವುದು, ಚಡ್ಡಿ ಬದಲಿಸುವುದು. ಸಿರಿಂಜು ಮುಟ್ಟುವ ಹಾಗಿಲ್ಲ. ಏಜೆಂಟ್ ಇದನ್ನು ಹೇಳಿಯೇ ಕಳಿಸಿದ್ದನಂತೆ, ನಮಗೆ ಹೇಳದೆ ಇದ್ದದ್ದು ಅವಳು. ಪರೀಕ್ಷೆಯಲ್ಲಿ ಒಮ್ಮೆ ಫೇಲೂ ಆಗಿದ್ದಳು. ಇನ್ನೊಮ್ಮೆ ಫೇಲಾದರೆ ವಾಪಸು ಬರಬೇಕಾದೀತು ಎಂದಳು.

"ಅಮ್ಮನಿಗೆ ಹೇಳ್ಬೇಡ," ಎಂದಳು. ನಿಮ್ಮದೇ ಮಾತು ಮಾವ. ಗಲ್ಫೋ ಜರ್ಮನಿಯೋ, ಹೋದವರೆಲ್ಲ ಇದೊಂದು ಮಾತನ್ನು ಕಲಿತೇ ವಿಮಾನ ಹತ್ತುತ್ತೀರಾ?

ಒಂದು ಭಾನುವಾರ ಅಮ್ಮ ಬಂಗುಡೆ ಮೀನು ಕೊಯ್ಯುತ್ತ, ತಲೆ ಎತ್ತದೆ, ಅವಳಿಗೆ ಅಲ್ಲಿ ನಿಜಕ್ಕೂ ನರ್ಸ್ ಕೆಲಸವಾ ಎಂದು ಕೇಳಿದಳು. ಇಲ್ಲ ಎಂದೆ. ಎಲ್ಲ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ.

"ಬಳೆ ನಾನೂ ನೋಡಿದ್ದೇನೆ," ಎಂದಳು.

"ಮತ್ತೆ ಗೋಡೆಗೆ ಯಾಕೆ ಹಾಕಿದ್ದು?"

"ನಿನ್ನ ಮಾವನಿಗೆ ಸೈಕಲ್ ಬಿಡ್ಲಿಕ್ಕೂ ಬರ್ತಿರ್ಲಿಲ್ಲ. ಆ ಫೋಟೋ ಇಳಿಸಿದ್ದೇನಾ ನಾನು?"

ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ತಂಗಿಯೇ ಹೇಳಿದ್ದು.

ಮೊನ್ನೆ ಅಕ್ಕನ ಫೋನು ಬಂತು. ಪಾಸಾದಳಂತೆ, ಅಲ್ಲಿಯ ಕಾಗದ ಕೈಗೆ ಬಂತಂತೆ, ಈಗ ಪೂರ್ತಿ ನರ್ಸ್ ಅಂತೆ. ಇಷ್ಟು 'ಅಂತೆ'ಗಳನ್ನು ನಾನು ಸುಮ್ಮನೆ ನುಂಗುತ್ತೇನಾ? ಡ್ಯೂಟಿ ಅಂಗಿಯಲ್ಲಿ, ಹೆಸರಿನ ಪಟ್ಟಿ ಕಾಣುವ ಹಾಗೆ, ಈಗಲೇ ಒಂದು ಫೋಟೋ ಕಳಿಸು ಎಂದೆ.

"ಡ್ಯೂಟಿಗೆ ಹೊರಟಿದ್ದೇನೆ ಮಾರಾಯ್ತಿ. ಒಳಗೆ ಫೋನ್ ಮುಟ್ಲಿಕ್ಕಿಲ್ಲ. ಹೋದ ಕೂಡ್ಲೇ ಇಂಜೆಕ್ಷನ್ ಕೊಡ್ಲಿಕ್ಕುಂಟು ನಂಗೆ. ಫೋಟೋಗೀಟೋ ಎಲ್ಲ ಆಗ್ಲಿಕ್ಕಿಲ್ಲ. ಇಡ್ತೇನೆ."

ಇಡುವ ಮೊದಲು, ಬಳೆಗಳು ಯಾವುದೋ ಡಬ್ಬಕ್ಕೆ ಬಿದ್ದ ಸದ್ದು ಕೇಳಿತು.

ಫೋಟೋ ಇವತ್ತಿನವರೆಗೂ ಬಂದಿಲ್ಲ ಮಾವ. ಅದಕ್ಕೇ ನಂಬಿದೆ. ಸುಳ್ಳಾಗಿದ್ದರೆ ಆ ದಿನವೇ ಬರುತ್ತಿತ್ತು. ಅಮ್ಮ ಮಾತ್ರ ನಿಮ್ಮ ಕಾರಿನ ಪಕ್ಕ ಇನ್ನೊಂದು ಮೊಳೆ ಹೊಡೆದು ಕಾಯುತ್ತಿದ್ದಾಳೆ. ಆ ಮೊಳೆ ಖಾಲಿಯೇ ಇರಲಿ ಎಂದು ನಾನು ಹೇಳಿದ್ದೇನೆ.

ನಿಮ್ಮ ಸಣ್ಣ ಸೊಸೆ,
ವಿನುತಾ