ಮೂರನೆಯ ದಿನದ ಸುತ್ತಿಗೆ

೨೨ ಅಕ್ಟೋಬರ್ ೧೯೫೬, ಸೋಮವಾರ, ಸಂಜೆ

ಮತ್ತೆ ರೊಟ್ಟಿ, ಕೆಂಪು ಖಾರ. ಹಾಸ್ಟೆಲ್ ಊಟಕ್ಕೆ ಒಗ್ಗಿದ ಹೊಟ್ಟೆ ಉರಿಯುತ್ತಿದೆ. ರಜೆ ಮುಗಿಯಲು ಇನ್ನೂ ಎರಡು ವಾರ.

ಓವರ್‌ಸೀಯರ್ ಸಾಹೇಬರು ಇಂದೂ ಕರೆಸಿದ್ದರು. ಕಪ್ಪತಗುಡ್ಡದ ಹಳ್ಳಕ್ಕೆ ಒಡ್ಡು ಕಟ್ಟಬೇಕು. ನಮ್ಮ ವಡ್ಡರ ಹಟ್ಟಿಯ ಮೇಲಿನ ಇಳಿಜಾರು ಬೇಕು.

"ನೋಡಪಾ ತಿರಕಪ್ಪ, ಇಂಗ್ಲಿಷರ ಕಾಲ ಹೋತು. ಈಗ ಜನರನ್ನ ಕೇಳೇ ಮಾಡೂದು. ನಿಮ್ಮವರು ನಮ್ಮ ಪಾರ್ಟ್ನರ್ ಇದ್ದಂಗ. ಕಾಲೇಜ್ ಮೆಟ್ಟಿಲ ಹತ್ತಿದಾಂವ ನೀನು, ನೀನೇ ಕೇಳಿ ರಿಪೋರ್ಟ್ ಕೊಡು."

ಪಾರ್ಟ್ನರ್! ಬೆನ್ನು ನೆಟ್ಟಗಾಯಿತು.

ಮಧ್ಯಾಹ್ನ ಬೇವಿನ ಕೆಳಗೆ ಹಿರಿಯರು ಕುಳಿತರು. ನಡುವೆ ಯಂಕಪ್ಪ ಕಾಕಾ. ಹಟ್ಟಿಯಲ್ಲಿ ಅವನ ಮಾತೇ ಕೊನೆ. ನಕ್ಷೆ ಬಿಡಿಸಿ ಹೇಳಿದೆ. ಯಾರೂ ತುಟಿ ಬಿಚ್ಚಲಿಲ್ಲ. ಬೆಲ್ಲ, ನೀರು ಕೊಟ್ಟರು. ಕಾಕಾ ಧೋತರ ಕೊಡವಿ ಎದ್ದ.

"ಕೇಳಿವಿ ತಗೋ. ಭಾಳ ಹೊತ್ತು ಬಿಸಲಾಗ ನಿಂತೀ, ನಿಮ್ಮಜ್ಜಿ ನನ್ನ ಬೈತಾಳ. ಮನಿಗೆ ಹೋಗು."

ಇಷ್ಟು ಸಲೀಸು! ಒಬ್ಬರೂ ಬೇಡ ಅನ್ನಲಿಲ್ಲ. ಇಂಗ್ಲಿಷಿನಲ್ಲೇ ಬರೆದೆ — ನೋ ಆಬ್ಜೆಕ್ಷನ್. ಸ್ಪೆಲ್ಲಿಂಗ್ ಮೂರು ಸಲ ನೋಡಿ ಕೊಟ್ಟು ಬಂದೆ.

೨೪, ಬುಧವಾರ

ಬೆಳಿಗ್ಗೆಯಿಂದ ಗುಡ್ಡದಲ್ಲಿ ಬಂಡೆ ಸಿಡಿಸುವ ಮದ್ದಿನ ಸದ್ದು. ಗುತ್ತಿಗೆದಾರನ ಆಳುಗಳು ಲಾರಿಯಲ್ಲಿ ಬಂದಿದ್ದಾರೆ. ನವೆಂಬರ್ ಒಂದಕ್ಕೆ ಅಡಿಗಲ್ಲು ಆಗಬೇಕಂತೆ — ನಾಡು ಒಂದಾಗುವ ದಿನ. ನಮ್ಮವರೆಲ್ಲ ಸಿಂಗಟಾಲೂರ ಕಡೆ ಬಾವಿ ತೋಡಲು ಹೋಗಿದ್ದಾರೆ. ಅಜ್ಜಿ ಬಾಗಿಲಲ್ಲಿ ನಿಂತು ಗುಡ್ಡ ನೋಡುತ್ತಿದ್ದಾಳೆ. ಏನೆಂದು ಕೇಳಿದರೆ ಒಳಗೆ ಹೋಗಿ ಒಲೆ ಊದಿದಳು.

೨೫, ಗುರುವಾರ

ನಿನ್ನೆ ರಾತ್ರಿ ನಮ್ಮವರು ಬಾವಿ ಕೆಲಸದಿಂದ ಮರಳಿದರು.

ಬೆಳಿಗ್ಗೆ ಹಿರಿಯರು ಸುತ್ತಿಗೆ ಹೆಗಲಿಗೇರಿಸಿ ಗುಡ್ಡ ಹತ್ತಿದರು. ನಾನೂ ಹಿಂದೆ. ಇಳಿಜಾರು ಸೀಳಿ ಬಿದ್ದಿತ್ತು.

"ಯಾರು ಹೂಂ ಅಂದ್ರು ಸಾಹೇಬ್ರ?" ಕಾಕಾ ಕೇಳಿದ.

ಸಾಹೇಬರು ನನ್ನ ಕಾಗದ ತೋರಿಸಿದರು. ಕಾಕಾ ಬೈಯಲಿಲ್ಲ. ನನ್ನನ್ನೊಮ್ಮೆ ನೋಡಿದ. ಸುತ್ತಿಗೆ ಹೊತ್ತುಕೊಂಡೇ ಇಳಿದ. ಬೈದಿದ್ದರೆ...

ಮನೆಯಲ್ಲಿ ಅಜ್ಜಿ ಬಾಯಿ ಬಿಟ್ಟಳು. "ದೊಡ್ಡ ಮಾತು ಕೇಳಿದ್ರ ಅವತ್ತೇ ಉತ್ತರ ಕೊಡೂದಿಲ್ಲೋ ನಾವು. ಬೆಲ್ಲ ಕೊಟ್ಟು ಕಳಸ್ತೀವಿ. ಹೆಂಗಸರನ್ನೂ ಕೇಳ್ತೀವಿ. ಮೂರನೇ ದಿನ ಹೂಂ ಅನ್ನೂದಿದ್ರ ಸುತ್ತಿಗಿ ತಂದು ಕೇಳಿದವರ ಮುಂದ ಇಡೂದು. ಇಲ್ಲಾಂದ್ರ ಬರಿಗೈಲೆ ಬರೂದು. ನಿಮ್ಮ ಹಾಸ್ಟೆಲ್‌ನ್ಯಾಗ ಸುಮ್ಮ ಕುಂತವರನ್ನ ಹೂಂ ಅಂದ್ರಂತ ಬರಕೋತಾರೇನು?"

ಅಂದರೆ — ಹೂಂ ಅನ್ನಲೆಂದೇ ಬಂದಿದ್ದರು. ಒಂದೇ ಷರತ್ತು ಇತ್ತಂತೆ: ಒಡ್ಡು ನಲವತ್ತು ಹೆಜ್ಜೆ ಮೇಲೆ ಸರಿಯಬೇಕು. ಅಲ್ಲಿ ಹಾಸುಬಂಡೆ, ನೀರು ನಿಲ್ಲುತ್ತದೆ. ಕೆಳಗೆ, ಈಗ ಸೀಳಿದ ಕಡೆ, ನಮ್ಮವರನ್ನು ಮಣ್ಣು ಮಾಡುವ ಜಾಗ.

"ನಿಮ್ಮವ್ವನೂ ಅಲ್ಲೇ ಇದ್ದಳು."

ಇದ್ದಳು. ಏಳನೇ ವಯಸ್ಸಿಗೆ ನನ್ನನ್ನು ಹಾಸ್ಟೆಲಿಗೆ ಬಿಟ್ಟ ವರ್ಷವೇ ಸತ್ತವಳು. ಯಾವ ಕಲ್ಲಿನ ಕೆಳಗೆಂದು ಯಾರೂ ತೋರಿಸಿರಲಿಲ್ಲ. ನಾನೂ ಕೇಳಿರಲಿಲ್ಲ.

೧ ನವೆಂಬರ್

ಪೆಂಡಾಲು, ತೋರಣ. ಸಾಹೇಬರ ಕಿವಿಗೆ ನಲವತ್ತು ಹೆಜ್ಜೆಯ ಮಾತು ಹಾಕಿದೆ. "ಮೊದಲೇ ಹೇಳಬೇಕಿತ್ತಪಾ. ಫೈಲ್ ಹೋತು." ಆಮೇಲೆ ವೇದಿಕೆಗೆ ಕರೆದರು, ರಿಪೋರ್ಟ್ ನೀನೇ ಓದು ಎಂದರು. ಒಲ್ಲೆ ಅನ್ನಬೇಕಿತ್ತು. ನಾಲಿಗೆಯ ತುದಿಗೇ ಇತ್ತು. ಎದುರಿಗೆ ಅಷ್ಟು ಜನ... ಓದಿದೆ. ಉಚ್ಚಾರ ಚೆನ್ನಾಗಿತ್ತಂತೆ.

ಹಟ್ಟಿಯವರಿಗೆಂದು ಮುಂದೆ ಹಾಸಿದ್ದ ಜಮಖಾನ ಖಾಲಿ. ಚಪ್ಪಾಳೆ ಮಾತ್ರ ಜೋರಿತ್ತು.

೩, ಶನಿವಾರ

ಹಟ್ಟಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿಲ್ಲ. ಬೇವಿನ ಕೆಳಗೆ ನಾನೇ ಎಲ್ಲರನ್ನೂ ಕೂಡಿಸಿದೆ.

"ನಾ ಬರದಿದ್ದು ಸುಳ್ಳು ಅಂತ ಮ್ಯಾಲಿನವರಿಗೆ ಬರೀತೀನಿ. ನನ್ನ ಕೂಡ ಗದಗಿನ ಕಚೇರಿಗೆ ಬರ್ತೀರೇನು? ನನ್ನ ಮತ್ತ ನಿಮ್ಮಾಂವ ಅಂತೀರೇನು?"

ಯಾರೂ ಮಾತಾಡಲಿಲ್ಲ. ಬೆಲ್ಲ ಬಂತು. ಕೈಯಲ್ಲೇ ಹಿಡಿದುಕೊಂಡೆ. ಹನಮಂತವ್ವ ಅತ್ತೆ ಮಾತ್ರ — "ಈ ಸಲ ಇಂಗ್ಲಿಷಿನ್ಯಾಗ ಬರಕೋಬ್ಯಾಡಪಾ. ನಾವಿನ್ನೂ ಉಸರೂ ಬಿಟ್ಟಿಲ್ಲ." ನಾಲ್ಕು ಮಂದಿ ನಕ್ಕರು. ಕಾಕಾ ನಗಲಿಲ್ಲ.

೫, ಸೋಮವಾರ

ಇಂದು ಕಾಲೇಜು ಶುರು. ಶಿರಹಟ್ಟಿ ಬಸ್ಸು ಕಣ್ಣೆದುರೇ ಹೋಯಿತು. ಹತ್ತಲಿಲ್ಲ.

೬, ಮಂಗಳವಾರ, ಬೆಳಿಗ್ಗೆ ೭

ಅರ್ಜಿ ಬರೆದಿಟ್ಟಿದ್ದೇನೆ, ಕನ್ನಡದಲ್ಲಿ. ಹೆಬ್ಬೆಟ್ಟಿಗೆ ಜಾಗ ಬಿಟ್ಟಿದ್ದೇನೆ. ಅವರು ಹೂಂ ಅನ್ನುವ ಮೊದಲೇ ಬಿಟ್ಟದ್ದೂ ತಪ್ಪೇನೋ.

ಅಜ್ಜಿ ಬಾಗಿಲಿಂದ ಕರೆಯುತ್ತಿದ್ದಾಳೆ. ಓಣಿಯ ತುದಿಯಲ್ಲಿ ಕಾಕಾ. ಹಿಂದೆ ಐದಾರು ಮಂದಿ — ಇಲ್ಲ, ಇನ್ನೂ ಹೆಚ್ಚು. ನಿಧಾನ ಬರುತ್ತಿದ್ದಾರೆ. ಎದುರು ಬಿಸಿಲು. ಹೆಗಲ ಮೇಲಿರುವುದು ಸುತ್ತಿಗೆಯೋ, ಬರೀ ಹೊದ್ದ ವಲ್ಲಿಯೋ, ಇಲ್ಲಿಂದ —