ಚೀಲ ಖಾಲಿಯಾದರೆ ಗುಣವಾದಂತಲ್ಲ

ಮಾನ್ಯ ಆರೋಗ್ಯಾಧಿಕಾರಿಗಳೇ,

ಹೊಟ್ಟೆಯೊಳಗೆ ಪಿತ್ತ ಸೋರುತ್ತಿದ್ದ ನನ್ನ ಅತ್ತೆಯನ್ನು ನಿಮ್ಮ ಅಧೀನದ ಆಸ್ಪತ್ರೆಯೊಂದು ಪ್ಲಾಸ್ಟರ್ ಹಚ್ಚಿ ಮನೆಗೆ ಕಳಿಸಿತು. ಯಾವ ಆಸ್ಪತ್ರೆಯೆಂದು ಬರೆಯುವುದಿಲ್ಲ. ಬರೆದರೆ ಉಳಿದವರು ನೆಮ್ಮದಿಯಿಂದ ಮಲಗಿಬಿಡುತ್ತಾರೆ.

ಅತ್ತೆ ಹೊನ್ನಕ್ಕ ಸಿರಿಮನೆಯವರು, ಕಾಫಿ ತೋಟದ ಕೂಲಿ. ಪಿತ್ತನಾಳದಲ್ಲಿ ಕಲ್ಲು ಕಟ್ಟಿಕೊಂಡು ಮೈಯೆಲ್ಲ ಹಳದಿಯಾದಾಗ ದೂರದ ನಗರದಲ್ಲಿ ಆಪರೇಷನ್ ಆಯಿತು. ನಾಳ ಮಾಯುವತನಕ ಪಿತ್ತ ಹೊರಗೆ ಹರಿಯಲೆಂದು ಹೊಟ್ಟೆಗೊಂದು ರಬ್ಬರ್ ಟ್ಯೂಬು, ಅದರ ತುದಿಗೊಂದು ಚೀಲ ಹಾಕಿ, "ತೊಂದರೆಯಾದರೆ ಹತ್ತಿರದ ಆಸ್ಪತ್ರೆಗೆ ತೋರಿಸಿ" ಎಂದು ಕಳಿಸಿದರು. ಹತ್ತಿರದ ಆಸ್ಪತ್ರೆಯ ಮೇಲೆ ನಗರದವರಿಗೆ ಎಂಥ ವಿಶ್ವಾಸ ನೋಡಿ!

ಬಸ್ಸಿಳಿಯುವ ನೂಕಾಟದಲ್ಲಿ ಯಾರದೋ ಬ್ಯಾಗಿಗೆ ಸಿಕ್ಕಿ ಟ್ಯೂಬು ಜಗ್ಗಿತು. ಮರುದಿನ ಅತ್ತೆ ಹಿಗ್ಗಿನಿಂದ ಕರೆದರು: "ಶಿಲ್ಪಾ, ಚೀಲಕ್ಕೆ ಎಂತದೂ ಬರ್ತಾ ಇಲ್ಲ ಮಾರಾಯ್ತಿ. ಗುಣ ಆಯ್ತು ಕಾಣುತ್ತೆ." ಸೆರಗು ಸರಿಸಿ ನೋಡಿದರೆ ಪಿತ್ತ ಚೀಲಕ್ಕೆ ಹೋಗದೆ ಟ್ಯೂಬಿನ ಬುಡದಲ್ಲೇ ಹಳದಿ ನೀರಾಗಿ ಜಿನುಗಿ ಸೀರೆ ತೊಯ್ದಿತ್ತು.

ಆಸ್ಪತ್ರೆಗೆ ಓಡಿದೆವು. ವೈದ್ಯರು ಕುರ್ಚಿಯಿಂದ ಏಳದೆಯೇ ಕೇಳಿದರು: "ಇದನ್ನ ಹಾಕಿದ್ದು ಯಾರು?" ನಗರದವರು ಎಂದೆ. "ಹಾಗಿದ್ರೆ ಅವರನ್ನೇ ಕೇಳಿ. ಇದು ನಮ್ಮ ಟ್ಯೂಬಲ್ಲ." ಟ್ಯೂಬಿಗೂ ವಾಸಸ್ಥಳ ದೃಢೀಕರಣ ಬೇಕೆಂದು ನಮಗೆ ತಿಳಿದಿರಲಿಲ್ಲ, ಮಾನ್ಯರೇ. ಆದರೂ ದೊಡ್ಡ ಮನಸ್ಸು ಮಾಡಿ, ಸೀರೆ ಒದ್ದೆಯಾಗದಂತೆ ಬಿಗಿಯಾಗಿ ಪ್ಲಾಸ್ಟರ್ ಹಚ್ಚಿಸಿದರು. ಸೀರೆ ಉಳಿಯಿತು. ಹೊರಬರಲಾಗದ ಪಿತ್ತ ಒಳಗೆ ಹರಡಿತು.

ಸಂಜೆಗೆ ಚಳಿಜ್ವರ, ಹೊಟ್ಟೆ ಹಲಗೆಯಂತೆ ಬಿಗಿದುಕೊಂಡಿತು. ನಗರಕ್ಕೆ ಒಯ್ಯಲು ನೆರೆಮನೆಯ ಯೋಗೇಶ ಜೀಪು ತೆಗೆದ. ಒಂದೊಂದು ತಿರುವಿಗೂ ಅತ್ತೆ ನನ್ನ ಕೈ ಹಿಂಡಿ, "ಇಲ್ಲೇ ಇಳಿಸಿಬಿಡೇ, ತಡ್ಕಳಕ್ಕೆ ಆಗಲ್ಲ" ಎನ್ನುತ್ತಿದ್ದರು. ನಗರದವರು ಮತ್ತೆ ಹೊಟ್ಟೆ ಕೊಯ್ದು, ತೊಳೆದು ಉಳಿಸಿಕೊಟ್ಟರು. ಈಗ ಅತ್ತೆ ಒಂದು ಬಿಂದಿಗೆ ನೀರನ್ನೂ ಎತ್ತಲಾರರು.

ದೂರು ಕೊಡಲು ಬಂದಾಗ ನಿಮ್ಮ ಕಚೇರಿಯಲ್ಲಿ ಸಿಕ್ಕ ಉತ್ತರ: "ಬದುಕಿದ್ದಾರಲ್ಲ, ಮತ್ತೇನು?" ದೂರು ಸ್ವೀಕಾರವಾಗಲು ಅವರು ಇನ್ನೆಷ್ಟು ಸಾಯಬೇಕಿತ್ತು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆಯ ಆಸ್ಪತ್ರೆಗಳಲ್ಲಿ ಇಂಥ ಟ್ಯೂಬನ್ನು ನೋಡಬಲ್ಲವರು ಒಬ್ಬರಾದರೂ ಇರಲಿ. ಇಲ್ಲವಾದರೆ ಆಪರೇಷನ್ ಮಾಡಿದವರಿಗೆ ಅಲ್ಲಿಂದಲೇ ಫೋನು ಮಾಡಿ, ರೋಗಿಯನ್ನು ಆಂಬುಲೆನ್ಸಿನಲ್ಲಿ ಕಳಿಸಿಕೊಡಲಿ. ಶೆಟ್ಟಿಕೊಪ್ಪದ ನಮ್ಮ ನೆಂಟರು ಭೈರಪ್ಪನವರು ಮೊನ್ನೆ ತಾನೇ ಇಂಥದೇ ಚೀಲ ಹಿಡಿದು ಮನೆಗೆ ಬಂದಿದ್ದಾರೆ. ಅವರ ಚೀಲ ಖಾಲಿಯಾಗುವ ಮೊದಲಾದರೂ ನಿಮ್ಮ ಆದೇಶ ಆಸ್ಪತ್ರೆಗಳಿಗೆ ತಲುಪಲಿ.

ಇಂತಿ,
ಪಿತ್ತ ನೆತ್ತಿಗೇರಿರುವ ಸೊಸೆ,
ಶಿಲ್ಪಶ್ರೀ, ಸಿರಿಮನೆ