ರಬ್ಬರ್ ಇಲ್ಲದ ಅಂಗಡಿ

ಶ್ರೀರಂಗಪಟ್ಟಣ
೧೮ ನವೆಂಬರ್ ೨೦೨೫, ಮಂಗಳವಾರ

ತೀರ್ಥರೂಪ ಅಪ್ಪನಿಗೆ, ನಿಮ್ಮ ಮಗಳು ಪವಿತ್ರ ಅಂಗಡಿಯ ಕುರ್ಚಿಯಲ್ಲೇ ಕುಳಿತು ಮಾಡುವ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಶನಿವಾರ ಸಿಟ್ಟಿನಲ್ಲಿ ಹೊರಟವರು ಕೊಡೆ ತೆಗೆದುಕೊಂಡಿರಿ, ಕನ್ನಡಕ ತೆಗೆದುಕೊಂಡಿರಿ, ಬಿಪಿ ಮಾತ್ರೆ ಬಿಟ್ಟು ಹೋದಿರಿ. ಸಿಟ್ಟು ಮಾಡಿಕೊಳ್ಳುವವರು ಮೊದಲು ಕಟ್ಟಿಕೊಳ್ಳಬೇಕಾದದ್ದೇ ಅದು. ಹದಿನೈದು ದಿನಕ್ಕಾಗುವಷ್ಟು ದಿಲೀಪನ ಕೈಯಲ್ಲಿ ಕಳಿಸಿದ್ದೇನೆ, ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು. ಸಿಂಧಘಟ್ಟದ ಚಿಕ್ಕಪ್ಪನ ಮನೆಯಲ್ಲಿ ಚಿಕ್ಕಮ್ಮ ನಿಮ್ಮ ತಟ್ಟೆಯ ಪಕ್ಕಕ್ಕೆ ಉಪ್ಪಿನಕಾಯಿ ಜಾಡಿಯನ್ನೇ ಇಟ್ಟಿರುತ್ತಾರೆ, ನೀವೂ ಬೇಡ ಅನ್ನುವವರಲ್ಲ. ಅಮ್ಮ ಚೆನ್ನಾಗಿದ್ದಾಳೆ, ನನ್ನ ಮೇಲೆ ಅರ್ಧ ಮುನಿಸು, ನಿಮ್ಮ ಮೇಲೆ ಅರ್ಧ. ನಿಮ್ಮ ಫೋನು ಮೂರು ದಿನದಿಂದ ಸ್ವಿಚ್ ಆಫ್. ಒಳ್ಳೆಯದೇ ಆಯಿತು. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಮೂವತ್ತೆರಡು ವರ್ಷ ಕೂತು ಊರಿನವರ ಕ್ರಯಪತ್ರ, ದಾನಪತ್ರ ಬರೆದವರು ನೀವು. ಬಂದವರಿಗೆಲ್ಲ “ಬಾಯಲ್ಲಿ ಏಳ್ಬ್ಯಾಡ ಕಣಪ್ಪ, ಬರ್ದು ಕೊಡು” ಅಂದವರು. ಅದಕ್ಕೇ ನಾನೂ ಬರೆದೇ ಕೊಡುತ್ತಿದ್ದೇನೆ.

ಮೊದಲು ನನ್ನ ತಪ್ಪು. ದ್ಯಾವಯ್ಯನವರ ಮನೆಯ ವಿಭಾಗಪತ್ರ ಸೋಮವಾರ ರಿಜಿಸ್ಟರ್ ಆಗುವ ತನಕ ಕಂಪ್ಯೂಟರಿನ ತಂಟೆಗೆ ಹೋಗಬೇಡ ಅಂದಿದ್ದಿರಿ. ನಾನು ಹೋದೆ. ಎಲ್ಲ ಆನ್‌ಲೈನ್ ಆದ ಮೇಲೆ ನಮ್ಮ ಹಳೆಯ ಡೆಸ್ಕ್‌ಟಾಪು ಒಂದು ಪಹಣಿ ತೆರೆಯುವಷ್ಟರಲ್ಲಿ ಬಂದವರು ಟೀ ಕುಡಿದು ಮುಗಿಸಿ ಎರಡನೇ ಸುತ್ತಿನ ಜಗಳ ಶುರು ಮಾಡಿರುತ್ತಿದ್ದರು. ಮೈಸೂರಿನಿಂದ ಎರಡು ಹೊಸ ರ್ಯಾಮ್ ಪಟ್ಟಿ ತಂದೆ. ರ್ಯಾಮ್ ಅಂದರೇನು ಅಂತ ನೀವು ಕೇಳಿದಾಗ ಗಡಿಬಿಡಿಯಲ್ಲಿ ಹೇಳಲಿಲ್ಲ. ಕೆಲಸ ಮಾಡುವಾಗ ಕಾಗದ ಹರಡಿಕೊಳ್ಳುವ ಮೇಜು ಅಂದುಕೊಳ್ಳಿ, ಸಣ್ಣ ಮೇಜು ತೆಗೆದು ದೊಡ್ಡದು ಹಾಕಲು ಹೊರಟಿದ್ದೆ. ಹಳೆಯ ಪಟ್ಟಿ ಕಿತ್ತು ಹೊಸ ಎರಡನ್ನೂ ಕೂರಿಸಿ ಸ್ವಿಚ್ ಒತ್ತಿದೆ. ದೀಪ ಹತ್ತಿತು, ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ಮೂರು ಸಲ ಬೀಪ್ ಅಂದು ಸುಮ್ಮನಾಯಿತು. ಹೊಸದನ್ನು ತೆಗೆದು ಹಳೆಯದನ್ನೇ ಅದರ ಜಾಗಕ್ಕೆ ಹಾಕಿದರೂ ಅದೇ ಮೂರು ಕೂಗು. ಹದಿನಾಲ್ಕು ಪುಟದ ವಿಭಾಗಪತ್ರ ಒಳಗೆ, ನಾವೆಲ್ಲ ಹೊರಗೆ. ಆಗ ನೀವು ಬೆಂಚಿನ ಮೇಲಿದ್ದ ದ್ಯಾವಯ್ಯನವರ ಎದುರಿಗೇ ಆ ಮಾತು ಆಡಿದಿರಿ. ಹನ್ನೊಂದು ವರ್ಷದಿಂದ ನಾನು ಕೂತ ಕುರ್ಚಿಯನ್ನು ಒಂದೇ ಮಾತಿನಲ್ಲಿ ಚಿಕ್ಕಪ್ಪನ ಮಗ ದಿಲೀಪನಿಗೆ ಕೊಟ್ಟು ಕೆ.ಆರ್. ಪೇಟೆ ಬಸ್ಸು ಹತ್ತಿದಿರಿ. ನನಗೆ ಅಳು ಬಂತು, ಅತ್ತುಬಿಟ್ಟೆ. ಅದನ್ನೂ ಬರೆದಿಡುತ್ತೇನೆ, ಮುಚ್ಚಿಡುವಂಥದ್ದೇನಲ್ಲ.

ಅತ್ತಾದ ಮೇಲೆ ರಿಪೇರಿಯವನಿಗೆ ಫೋನು ಮಾಡಿದೆ. ನೋಡದೆಯೇ, “ಮದರ್ ಬೋರ್ಡ್ ಓಗ್ಬುಟ್ಟದೆ ಮೇಡಂ, ಒಸಾದು ತಗಂಬುಡಿ” ಅಂದ. ಕೈ ಮುಟ್ಟಿ ನೋಡದ ವೈದ್ಯನ ಮಾತು ನಂಬಬೇಡ ಅಂತ ನೀವೇ ಹೇಳಿಕೊಟ್ಟಿದ್ದೀರಿ, ಫೋನು ಇಟ್ಟೆ. ಭಾನುವಾರ ಬೆಳಿಗ್ಗೆ ನಿಮ್ಮ ಕಬ್ಬಿಣದ ಟ್ರಂಕು ತೆಗೆದೆ. ಯಾವ ಕಾಗದವನ್ನೂ ಎಸೆಯದ ನಿಮ್ಮ ಚಾಳಿಯನ್ನು ಎಷ್ಟು ಸಲ ಆಡಿಕೊಂಡಿದ್ದೇನೋ, ಈಗ ಅಷ್ಟಕ್ಕೂ ಒಟ್ಟಿಗೆ ಕ್ಷಮೆ ಇರಲಿ. ಕೆಂಪು ದಾರ ಕಟ್ಟಿ ‘ಗಣಕಯಂತ್ರ, ಮೂಲ ದಾಖಲೆ’ ಅಂತ ನಿಮ್ಮ ಮುದ್ದಾದ ಅಕ್ಷರದಲ್ಲಿ ಬರೆದ ಕಟ್ಟಿನೊಳಗೆ ಯಂತ್ರದ ಜೊತೆ ಬಂದ ಪುಟ್ಟ ಪುಸ್ತಕ ಹಾಗೇ ಇತ್ತು. ಕೊನೆಯ ಹಾಳೆಯಲ್ಲಿ ಕೂಗಿನ ಲೆಕ್ಕ ಕೊಟ್ಟಿದ್ದರು. ಒಂದು ಕೂಗಿದರೆ ಎಲ್ಲ ಸರಿ, ಮೂರು ಕೂಗಿದರೆ ರ್ಯಾಮ್ ಸಿಗುತ್ತಿಲ್ಲ ಅಂತ. ಅಂದರೆ ಬೋರ್ಡು ಸತ್ತಿಲ್ಲ, ತನ್ನ ಕಾಯಿಲೆಯನ್ನು ತಾನೇ ಕೂಗಿ ಹೇಳುತ್ತಿದೆ. ಅಷ್ಟು ಸಾಕಾಯಿತು ನನಗೆ.

ಈಗ ನಿಮ್ಮ ತಪ್ಪು. ಕರೆಂಟಿನ ವೈರು ಕಿತ್ತು, ಕಿಟಕಿಯ ಕಬ್ಬಿಣ ಮುಟ್ಟಿ ಮೈಯಲ್ಲಿದ್ದ ಕರೆಂಟು ಕಳೆದುಕೊಂಡು, ಡಬ್ಬದ ಪಕ್ಕದ ಬಾಗಿಲು ತೆಗೆದು ಟಾರ್ಚು ಬಿಟ್ಟೆ. ರ್ಯಾಮ್ ಕೂರುವ ಸಂದಿ ಎರಡು. ನಾವು ಇಷ್ಟು ವರ್ಷ ಬಳಸಿದ್ದು ಒಂದನ್ನೇ. ಖಾಲಿ ಬಿದ್ದಿದ್ದ ಇನ್ನೊಂದರ ಉದ್ದಕ್ಕೂ ಅರಿಶಿನ, ಕುಂಕುಮ, ಮೂಲೆಯಲ್ಲಿ ಒಣಗಿದ ಒಂದು ಚೆಂಡುಹೂವಿನ ಎಸಳು! ಪ್ರತಿ ಆಯುಧಪೂಜೆಗೆ ಡಬ್ಬದ ಹೊರಗೆ ಬೊಟ್ಟಿಟ್ಟರೆ ನಿಮಗೆ ಸಾಲುತ್ತಿರಲಿಲ್ಲ. “ಕೆಲ್ಸ ಮಾಡಾದು ಒಳಗಿರಾದು ಕಣಮ್ಮಿ, ಅದ್ಕೂ ಪೂಜೆ ಸಲ್ಬೇಕು” ಅಂತ ಬಾಗಿಲು ತೆಗೆದು ಒಳಗೂ ಉದುರಿಸುತ್ತಿದ್ದಿರಿ. ಆ ಖಾಲಿ ಸಂದಿಗೆ ನಾನು ಹೊಸ ಪಟ್ಟಿ ಒತ್ತಿದಾಗ ಪುಡಿ ಪಕ್ಕದ ಸಂದಿಗೂ ಸಿಡಿದು, ಹಳೆಯ ಪಟ್ಟಿಯ ಚಿನ್ನದ ಬಣ್ಣದ ಹಲ್ಲಿಗೂ ಮೆತ್ತಿಕೊಂಡಿತ್ತು. ಹೆಣ್ಣುಮಗಳ ಕೈಗುಣ ಅಂದಿರಲ್ಲ, ಯಂತ್ರ ಕೆಟ್ಟು ಕೂತಿದ್ದು ನಿಮ್ಮ ಭಕ್ತಿಯಿಂದ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ, ಇಲ್ಲಿ ಅತ್ತೆ ಮಾಡಿದ ತಪ್ಪಿಗೇ ಕೊತ್ತಿಗೆ ಪೆಟ್ಟು ಬಿತ್ತು.

ಸಂದಿಗಳನ್ನು ಹೊಸ ಬ್ರಷ್ಷಿನಿಂದ ಗುಡಿಸಿದೆ. ಹಲ್ಲಿಗೆ ಮೆತ್ತಿದ್ದು ಬ್ರಷ್ಷಿಗೆ ಹೋಗಲಿಲ್ಲ. ಅದಕ್ಕೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಬೇಕು. ಅಂಗಡಿಯಲ್ಲಿ ರಬ್ಬರ್ ಎಲ್ಲಿದೆ? ದಸ್ತಾವೇಜಿನಲ್ಲಿ ಅಳಿಸುವುದು ಮೋಸ, ತಪ್ಪಿದರೆ ಗೆರೆ ಎಳೆ, ಪಕ್ಕದಲ್ಲಿ ರುಜು ಹಾಕು ಅಂತ ರಬ್ಬರನ್ನೇ ಹೊಸಿಲು ದಾಟಲು ಬಿಡದವರು ನೀವು. ನಾನು ಎರಡನೇ ಕ್ಲಾಸಿನಲ್ಲಿ ಮಗ್ಗಿ ತಪ್ಪು ಬರೆದು, ಗೆರೆ ಹೊಡೆದು, ಪಕ್ಕದಲ್ಲಿ ‘ಪ’ ಅಂತ ರುಜು ಹಾಕಿದ್ದಕ್ಕೆ ಟೀಚರು ಕಿವಿ ಹಿಂಡಿದ್ದರು. ಮನೆಗೆ ಬಂದು ಹೇಳಿದರೆ ನೀವು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೋಟೆ ಬಾಗಿಲ ತನಕ ಮೆರೆಸಿದಿರಿ. ಅದೇ ಅಪ್ಪ ಶನಿವಾರ ಎಲ್ಲಿ ಹೋಗಿದ್ದರೋ ನನಗೆ ಗೊತ್ತಿಲ್ಲ. ಇರಲಿ, ಎದುರಿನ ಪುಸ್ತಕದಂಗಡಿಗೆ ಹೋಗಿ ಒಂದು ರಬ್ಬರ್ ಕೇಳಿದೆ. “ಏನವ್ವಾ, ಸಿವಣ್ಣೋರ ಅಂಗ್ಡಿಗೆ ರಬ್ಬರಾ?” ಅಂತ ಅವರು ಗಲ್ಲಾಪೆಟ್ಟಿಗೆ ತಟ್ಟಿಕೊಂಡು ನಕ್ಕರು. ಬೀದಿಯವರೆಲ್ಲ ನಕ್ಕರು. ನಾನು ತಲೆ ಎತ್ತಿಕೊಂಡೇ ರಸ್ತೆ ದಾಟಿದೆ.

ಹಲ್ಲುಗಳನ್ನು ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಮೊದಲು ಹೊಸ ಪಟ್ಟಿ ಒಂದನ್ನೇ ಕೂರಿಸಿ ಸ್ವಿಚ್ ಒತ್ತಿದೆ. ಒಂದೇ ಕೂಗು. ಪರದೆ ಬೆಳಗಿತು. ಆರಿಸಿ ಎರಡನೆಯದನ್ನೂ ಕೂರಿಸಿದೆ, ಆಗಲೂ ಒಂದೇ ಕೂಗು. ಅಮ್ಮ ಊದುಬತ್ತಿ ಹಿಡಿದುಕೊಂಡು ಓಡಿ ಬಂದಳು, ಹೊರಗಿಂದಲೇ ಕೈ ಮುಗಿ ಅಂದೆ. ಇನ್ನು ಮೇಲೆ ಪೂಜೆ ಏನಿದ್ದರೂ ಡಬ್ಬದ ಹೊರಗೆ, ಇದು ನನ್ನ ಕಾನೂನು.

ಸೋಮವಾರ ಹತ್ತಕ್ಕೆ ದಿಲೀಪ ಲ್ಯಾಪ್‌ಟಾಪು ನೇತುಹಾಕಿಕೊಂಡು ಬಂದ. ನಾನು ಕುರ್ಚಿಯಿಂದ ಏಳಲಿಲ್ಲ. ಏಳು ಅನ್ನುವ ಧೈರ್ಯ ಅವನಿಗೂ ಇರಲಿಲ್ಲ, ಆಸೆಯೂ ಇರಲಿಲ್ಲ. “ಅಕ್ಕೋ, ಈ ಒಲದ ಚಕ್ಕುಬಂದಿ ಗಿಕ್ಕುಬಂದಿ ಬರ್ಯಾದು ನಂಗಾಗಾಕಿಲ್ಲ. ಅಸ ಕರ ಮೇಯ್ಸಾದು ಅಂದ್ರೆ ಸೈ. ದೊಡ್ಡಪ್ಪ ಕೂಗುದ್ರು ಅಂತ ಬಂದ್ಬುಟ್ಟೆ” ಅಂದ. ಅವನನ್ನು ಕೇಳಿದ್ದೀರಾ ಅಪ್ಪಾ, ಕುರ್ಚಿ ಕೊಡುವ ಮೊದಲು? ಅಷ್ಟರಲ್ಲಿ ದ್ಯಾವಯ್ಯ, ಪಾಂಡವಪುರದ ಅವರ ತಮ್ಮ, ನಾಗಮಂಗಲಕ್ಕೆ ಕೊಟ್ಟ ತಂಗಿ ಮೂವರೂ ಬಂದರು. ಒಂದು ವರ್ಷ ಓಡಾಡಿ ನೀವು ಒಂದೇ ಬೆಂಚಿಗೆ ತಂದವರು. ಹದಿನಾಲ್ಕು ಪುಟವನ್ನೂ ಗಟ್ಟಿಯಾಗಿ ಓದಿ ಹೇಳಿದೆ, ಬಾವಿಯ ದಾರಿಯ ಮಾತು ಬಂದಾಗ ತಮ್ಮ ಎದ್ದು ನಿಂತ, ಆ ಪ್ಯಾರಾವನ್ನು ಮತ್ತೆ ಓದಿದೆ, ಕೂತ. ಅಚ್ಚು ಹಾಕುವ ಮೊದಲು ಕೊನೆಯ ಸಾಲಿಗೆ ಬಂದೆ. ಬರೆದವರು ಹೆಸರು ಹಾಕುವ ಬಿಕ್ಕಲಂ ಸಾಲು. ಬರೆದದ್ದು ನಾನಾದರೂ ಹನ್ನೊಂದು ವರ್ಷ ಅಲ್ಲಿ ನಿಮ್ಮ ಹೆಸರು. ಹೋದ ವರ್ಷ ನನಗೂ ಪತ್ರ ಬರೆಯುವ ಲೈಸೆನ್ಸು ಬಂದಾಗ ನೀವು ಅದನ್ನು ಬೀರುವಿನಲ್ಲಿ ಹಳೆಯ ಪಂಚಾಂಗದ ಅಡಿಗೆ ಇಟ್ಟಿರಿ. ತೆಗೆದೆ. ನನ್ನ ಹೆಸರು ಹಾಕಿದೆ. ಹನ್ನೆರಡೂ ಕಾಲಿಗೆ ಮೂವರ ರುಜು, ಹೆಬ್ಬೆಟ್ಟು, ಫೋಟೋ ಎಲ್ಲ ಮುಗಿದು ಪತ್ರ ರಿಜಿಸ್ಟರ್ ಆಯಿತು.

ಚಿಕ್ಕಪ್ಪನಿಗೆ, ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸಿ, ಅವರ ಹೊಸ ಕರುವಿಗೆ ನನ್ನ ಪಾಲಿನ ಬೆಲ್ಲ ಕೊಡಿ. ಅಮ್ಮ ಅವರೆಕಾಯಿ ಸುಲಿದಿಟ್ಟು ದಾರಿ ನೋಡುತ್ತಿದ್ದಾಳೆ, ಹಾಗಂತ ಬರೆಯಬೇಡ ಅಂದಿದ್ದಾಳೆ. ಈ ಪತ್ರವನ್ನು ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ, ಆದರೆ ಪೂರ್ತಿ ಸಿಟ್ಟಿನಿಂದ, ಅದಕ್ಕಿಂತ ಹೆಚ್ಚು ಪ್ರೀತಿಯಿಂದ ಬರೆದಿದ್ದೇನೆ.

ಬಿಕ್ಕಲಂ:
ಶಿವಣ್ಣನವರ ಮಗಳು ಪವಿತ್ರ

ಮರೆತಿದ್ದೆ: ದಿಲೀಪನ ಬಸ್ಸಿಗೆ ಹೊತ್ತಾಯಿತು, ಆದರೂ ಮುಖ್ಯವಾದದ್ದು ಇದೇ. ಮಾತ್ರೆಯ ಪೊಟ್ಟಣದ ಕೆಳಗೆ ಇನ್ನೊಂದು ಹಾಳೆ ಇದೆ. ಶನಿವಾರ ನೀವು ಆಡಿದ ಮಾತನ್ನು ಒಂದಕ್ಷರ ಬಿಡದೆ ಬರೆದಿದ್ದೇನೆ: “ಎಣ್ಮಕ್ಳು ಕೈ ಇಟ್ರೆ ಇಂಗೇಯ. ಸ್ವಾಮಾರದಿಂದ ಈ ಕುರ್ಚಿ ದಿಲೀಪಂದು.” ಕೇಳಿಸಿಕೊಂಡದ್ದಕ್ಕೆ ದ್ಯಾವಯ್ಯ ಕೆಳಗೆ ಸಾಕ್ಷಿ ರುಜು ಹಾಕಿದ್ದಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದು ಬೇರೆಯವರಿಗೆ. ನಮ್ಮ ಕಸುಬಿನಲ್ಲಿ ತಪ್ಪಿದ್ದಕ್ಕೆ ದಾರಿ ಇದೆ, ಅದನ್ನು ನನಗೆ ಕಲಿಸಿದವರು ನೀವು. ಗೆರೆ ಎಳೆಯಿರಿ, ಪಕ್ಕದಲ್ಲಿ ರುಜು ಹಾಕಿ, ಮೇಲೆ ಯಾರ ಹೆಸರು ಬರೆಯಬೇಕೋ ನಿಮಗೇ ಬಿಟ್ಟಿದ್ದೇನೆ. ಹಾಳೆ ಬರುವ ತನಕ ಅಂಗಡಿಯ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತದೆ, ಬಂದ ಮೇಲೂ ಇರುತ್ತದೆ. ರಬ್ಬರ್ ಕಳಿಸಿಲ್ಲ.